ಗೇಟ್ ಹತ್ರ ಬೆದರೋ ಕುದುರೆ: ಮೊದ್ಲು ಗೇಟ್ ನೋಡ್ರಿ, ಆಮೇಲೆ ಕುದುರೆ

ದಾವಣಗೆರೆ ಹತ್ರ ಬಾತಿ ಕಡೆ ಒಬ್ರು ಸಾವ್ಕಾರ್ರ ಲಾಯದಲ್ಲಿ ಕುದುರೆ ನೋಡ್ಕೊಳ್ಳೋ ಕೆಲಸ ನಂದು. ಮದುವೆ ಸೀಸನ್ ಬಂತು ಅಂದ್ರೆ ಮದುಮಗನ ಮೆರವಣಿಗೆಗೆ ಕಳಿಸ್ತೀವಿ, ಉಳಿದ ಟೈಮಲ್ಲಿ ಹುಲ್ಲು, ಹುರುಳಿ, ಲದ್ದಿ, ಗೊರಸು, ಇಷ್ಟೇ ಪ್ರಪಂಚ. ಹೊಸದಾಗಿ ಸೇರೋ ಹುಡುಗ್ರೆಲ್ಲಾ ಒಂದಲ್ಲಾ ಒಂದಿನ ಇದೇ ಕೇಳ್ತಾರೆ, "ಅಣ್ಣ, ರೋಡಲ್ಲಿ ಲಾರಿ ಹಾರ್ನ್ ಹೊಡದ್ರೂ ಸುಮ್ಕಿರ್ತತಿ, ಗೇಟ್ ಹತ್ರ ಬಂದ್ರೆ ಯಾಕಣ್ಣ ಹಿಂಗ್ ಮಾಡ್ತತಿ?"

ನಮ್ಮಲ್ಲಿ ಒಂದು ಕೆಂಪು ಹೆಣ್ಣು ಕುದುರೆ ಇದೆ, ಬೇರೆ ಕಡೆಯಿಂದ ಕೊಂಡು ತಂದಿದ್ದು. ಗೇಟು ಇನ್ನೂ ಅಷ್ಟು ದೂರ ಇರುವಾಗ್ಲೇ ತಲೆ ಮೇಲೆತ್ತುತ್ತೆ, ಕಿವಿ ಎರಡೂ ಮುಂದಕ್ಕೆ ನಿಗುರುತ್ತೆ, ಮೂಗಲ್ಲಿ ಭುಸ್ ಅನ್ನುತ್ತೆ, ಸ್ವಲ್ಪ ಹಿಂದಕ್ಕೆ ಜಗ್ಗುತ್ತೆ, ಇನ್ನೇನು ಬರಲ್ಲ ಅಂದ್ಕೊಳ್ಳೋ ಅಷ್ಟೊತ್ತಿಗೆ ಬಾಣ ಬಿಟ್ಟಂಗೆ ನುಗ್ಗಿ ಆ ಕಡೆ ಹೋಗಿರುತ್ತೆ. ಹಠಮಾರಿ ಕುದುರೆ, ನಾಲ್ಕು ಬಿಟ್ರೆ ಸರಿಹೋಗುತ್ತೆ ಅಂತ ಎಲ್ರೂ ಹೇಳೋರು. ಆದ್ರೆ ದೂರ ನಿಂತು ಹಿಂದಿನಿಂದ ನೋಡಿದ್ರೆ ಅದರ ಎಡಗಡೆ ಸೊಂಟದ ಮೂಳೆ ಬಲಗಡೆಗಿಂತ ಕೆಳಗೆ ಕೂತಿದೆ. ವೆಟರ್ನರಿ ಡಾಕ್ಟ್ರು ಕೈಯಾಡ್ಸಿ ನೋಡಿ ಹಳೇ ಪೆಟ್ಟು ಅಂದ್ರು, ಬಾಗಿಲ ಚೌಕಟ್ಟಿಗೋ ಗೇಟ್ ಕಂಬಕ್ಕೋ ಜೋರಾಗಿ ಬಡಿದ್ರೆ ಆ ಮೂಳೆ ತುದಿ ಒಡೀತದಂತೆ.

ಇದು ಹೆಂಗಾಗುತ್ತೆ ಅಂದ್ರೆ, ಹಿಡ್ಕೊಂಡು ಹೋಗೋನು ತಾನು ಗೇಟ್ ದಾಟಿದ ಕೂಡ್ಲೇ ಪಕ್ಕಕ್ಕೆ ತಿರುಗಿಬಿಡ್ತಾನೆ, ಕುದುರೆ ಮುಂಭಾಗ ಅವನ ಜೊತೆ ತಿರುಗುತ್ತೆ, ಹಿಂಭಾಗ ಇನ್ನೂ ಎರಡು ಕಂಬದ ನಡುವೆನೇ ಇರುತ್ತೆ, ಸೊಂಟ ಹೋಗಿ ಕಂಬಕ್ಕೆ ಟಪ್ ಅಂತ ಬಡಿಯುತ್ತೆ. ಒಂದ್ಸಲ ನೋವಾದ್ರೆ ಮುಂದಿನ ಸಲ ಆ ಜಾಗ ಬೇಗ ದಾಟಬೇಕು ಅಂತ ಓಡುತ್ತೆ, ಓಡಿದ್ರೆ ಮತ್ತೆ ಬಡಿಯುತ್ತೆ, ಇದು ಮುಗಿಯೋ ಕಥೆನೇ ಅಲ್ಲ. ದುರ್ಗದ ಕೋಟೆ ಹತ್ತಿದೋರು ನೋಡಿರ್ತೀರಿ, ಬಾಗಿಲು ದಾಟ್ತಿದ್ದಂಗೆ ದಾರಿ ತಿರುಗುತ್ತೆ, ವೈರಿಗಳು ನೇರ ನುಗ್ಗಬಾರ್ದು ಅಂತ ಬೇಕಂತ್ಲೇ ಹಂಗೆ ಕಟ್ಟಿರೋದು. ಕೋಟೆಗೆ ಸರಿ, ಲಾಯದ ಗೇಟಿಗೆ ಅಲ್ಲ. ಬಾಲ ಪೂರ್ತಿ ಆಚೆ ಬರೋ ತನಕ ನೇರ ನಡೀಬೇಕು, ಆಮೇಲೆ ಎತ್ಲಾಗಾದ್ರೂ ತಿರುಗಿ.

ಹಂಗಾಗಿ ಕುದುರೆ ಬೆದರ್ತು ಅಂದ್ರೆ ನಾನು ಮೊದ್ಲು ಅದನ್ನ ಕಟ್ಟಿ ಬಂದು ಗೇಟ್ ನೋಡ್ತೀನಿ. ಚಿಲಕದ ಕಡ್ಡಿ ಹೊರಗೆ ಚಾಚ್ಕೊಂಡಿದ್ಯಾ, ಗೇಟ್ ಪೂರ್ತಿ ತೆಗೆದ್ರೆ ನಿಲ್ಲುತ್ತಾ ಇಲ್ಲ ಗಾಳಿಗೆ ವಾಪಸ್ ಬರುತ್ತಾ, ತಗಡು ಬಡ್ಕೊಳ್ತಿದ್ಯಾ, ಮೊಳೆ ಎದ್ದಿದ್ಯಾ. ಮೊಳೆ ವಿಷಯ ಸಣ್ಣದು ಅನ್ಕೋಬೇಡಿ, ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ಬರಲ್ಲ, ಬಂದ್ರೆ ಉಳಿಸ್ಕೊಳ್ಳೋದೂ ಕಷ್ಟ, ಗೀರಿದ್ರೂ ಡಾಕ್ಟ್ರಿಗೆ ಫೋನ್ ಮಾಡಿ ಇಂಜೆಕ್ಷನ್ ವಿಚಾರ ಕೇಳಿ. ಇನ್ನು ಗೇಟ್ ಕೆಳಗೆ ಚರಂಡಿ ಮೇಲೆ ಕಬ್ಬಿಣದ ಜಾಲರಿ ಹಾಕಿರ್ತಾರಲ್ಲ, ಅದರ ಸಂದಿಗೆ ಗೊರಸು ಸಿಕ್ಕೊಂಡ್ರೆ ಕಾಲು ಹೋದಂಗೆ. ಅಲ್ಲಿ ನಾ ಬರಲ್ಲ ಅಂತ ಕುದುರೆ ನಿಂತ್ರೆ ತಪ್ಪು ಅದರದ್ದಲ್ಲ, ಮೇಲೆ ಗಟ್ಟಿ ಹಲಗೆ ಹಾಕ್ಸಿ ಇಲ್ಲಾ ಬೇರೆ ದಾರಿ ಹಿಡೀರಿ.

ಕಣ್ಣಿನ ವಿಷಯನೂ ಇದೆ. ಕುದುರೆಗೆ ಕಣ್ಣು ತಲೆಯ ಅಕ್ಕಪಕ್ಕ ಇರೋದ್ರಿಂದ ಹತ್ತತ್ರ 350 ಡಿಗ್ರಿ ಸುತ್ತಲೂ ಕಾಣುತ್ತೆ, ಕಾಣದೇ ಇರೋದು ಹಣೆ ಮುಂದಿನ ಸ್ವಲ್ಪ ಜಾಗ, ಬಾಲದ ಹಿಂದಿನ ಸ್ವಲ್ಪ ಜಾಗ. ಸರಿಯಾಗಿ ನೋಡ್ಬೇಕಂದ್ರೆ ತಲೆ ಎತ್ತಬೇಕು ಇಳಿಸ್ಬೇಕು. ನಾವು ಗೇಟ್ ಬಂತು ಅಂತ ಗದ್ದದ ಹತ್ರನೇ ಹಗ್ಗ ಬಿಗಿ ಹಿಡಿದ್ರೆ ಅದು ನೋಡೋದಾದ್ರೂ ಹೆಂಗೆ? ಜೊತೆಗೆ ಕತ್ತಲಿಂದ ಬೆಳಕಿಗೆ ಅದರ ಕಣ್ಣು ಹೊಂದ್ಕೊಳ್ಳೋದು ನಮಗಿಂತ ನಿಧಾನ. ಏಪ್ರಿಲ್ ಮಧ್ಯಾಹ್ನ ಶೆಡ್ ಒಳಗಿಂದ ದಾವಣಗೆರೆ ಬಿಸಿಲಿಗೆ ಒಮ್ಮೆಗೇ ಎಳ್ಕೊಂಡು ಬಂದ್ರೆ ನಮಗೇ ಕಣ್ಣು ಕತ್ತಲೆ ಬರುತ್ತೆ, ಬಾಗಿಲಲ್ಲಿ ಸ್ವಲ್ಪ ನಿಲ್ಸಿ.

ತಿದ್ದೋಕೆ ನಾನು ಮಾಡೋದು ಇಷ್ಟು. ಗೇಟಿನಿಂದ ಶುರು ಮಾಡಲ್ಲ, ಖಾಲಿ ಜಾಗದಲ್ಲಿ ಎರಡು ಡ್ರಮ್ ಸುಮಾರು 12 ಅಡಿ ದೂರ ಇಟ್ಟು ನಡುವೆ ನಡೆಸ್ತೀನಿ, ಆರಾಮಾಗಿ ಬಂತು ಅಂದ್ರೆ ಡ್ರಮ್ ಸ್ವಲ್ಪ ಸ್ವಲ್ಪ ಹತ್ರ ತರ್ತೀನಿ. ಆಮೇಲೆ ನಿಜವಾದ ಗೇಟು. 10 ಅಡಿ ಹಗ್ಗ, ಕೈಗೆ ಸುತ್ಕೊಳ್ಳೋ ಹಂಗಿಲ್ಲ, ಎಳೆದ್ರೆ ಬೆರಳೇ ಹೋಗುತ್ತೆ, ಮಡಚಿ ಹಿಡಿಬೇಕು. ಅದರ ಎಡಭುಜದ ಪಕ್ಕ ಒಂದು ತೋಳು ದೂರದಲ್ಲಿ ನಾನು, ಮುಂದೆ ನಿಂತು ಎಳೆಯೋದಿಲ್ಲ, ನುಗ್ಗಿದ್ರೆ ಮೊದ್ಲು ತುಳಿಸ್ಕೊಳ್ಳೋದು ನಾವೇ. ಕಿವಿ ನಿಗುರಿದ ಜಾಗದಲ್ಲೇ ನಿಲ್ತೀನಿ, ಹಗ್ಗ ಸಡಿಲ ಬಿಡ್ತೀನಿ. ತಲೆ ಇಳಿಸಿ ಉಸ್ಸಪ್ಪಾ ಅಂತ ಉಸಿರು ಬಿಟ್ರೆ ವಾಪಸ್ ಕರ್ಕೊಂಡು ಹೋಗ್ತೀನಿ, ಮತ್ತೆ ಬರ್ತೀನಿ. ದಾಟೋಕೆ ಒಪ್ಕೊಂಡ ಮೇಲೆ ಆ ಕಡೆ ಹೋಗಿ ಗೇಟಿನ ಕಡೆಗೇ ಮುಖ ಮಾಡಿ ನಿಲ್ಸೋದು, ಮೈದಾನಕ್ಕೆ ಬಿಡೋದಾದ್ರೂ ಹಂಗೇ ನಿಲ್ಸಿ ನಾನು ಹಿಂದೆ ಸರಿದು ಬಿಡೋದು, ಇಲ್ಲಾಂದ್ರೆ ಬಿಟ್ಟ ಖುಷೀಲಿ ಒದ್ದು ಓಡುತ್ತೆ.

ಆ ಕಡೆ ಹುರುಳಿ ಬಕೆಟ್ ಇಟ್ಟು ಕರಿಯೋರಿದ್ದಾರೆ, ನಂಗೆ ಅದು ಇಷ್ಟ ಇಲ್ಲ. ಹೆದರ್ಕೊಂಡು ನುಗ್ತಿದ್ದದ್ದು ಹಸಿವಿಗೆ ನುಗ್ಗುತ್ತೆ, ಸೊಂಟ ಬಡಿಯೋದು ಬಡಿಯೋದೇ. ಚಾಟಿ ಅಂತೂ ಬೇಡವೇ ಬೇಡ, ಗೇಟ್ ಅಂದ್ರೆ ಏಟು ಅಂತ ನಾವೇ ಕಲಿಸಿದಂಗೆ.

ಕೆಂಪಿ ಈಗ ಲಾಯದ ಗೇಟಲ್ಲಿ ನಡ್ಕೊಂಡು ಬರುತ್ತೆ, ಗಾಳಿ ಇದ್ದ ದಿನ ಮಾತ್ರ ಸ್ವಲ್ಪ ರಗಳೆ. ಕಲ್ಯಾಣ ಮಂಟಪದ ಗೇಟ್ ಬೇರೆನೇ ಲೆಕ್ಕ, ಬಾಳೆಕಂಬ, ಬಲೂನ್ ಕಮಾನು, ಸೀರಿಯಲ್ ಸೆಟ್ಟು, ಪಟಪಟ ಅನ್ನೋ ಶಾಮಿಯಾನ, ಅದೇ ಹೊತ್ತಿಗೆ ಯಾರಾದ್ರೂ ಪಟಾಕಿ ಸರ ಹಚ್ತಾರೆ. ಅದಕ್ಕೇ ಅಡ್ವಾನ್ಸ್ ಇಸ್ಕೊಳ್ಳುವಾಗ್ಲೇ ಪಾರ್ಟಿಯೋರಿಗೆ ಹೇಳ್ಬಿಡ್ತೀನಿ, ಮದುಮಗ ಗೇಟ್ ಹೊರಗೇ ಇಳೀಬೇಕು, ಒಳಗೆ ಕುದುರೆ ಬರಲ್ಲ. ಫೋಟೋದೋರು ಗೊಣಗ್ತಾರೆ, ಹುಡುಗನ ಮಾವಂದ್ರು "ಏನ್ರೀ, ದುಡ್ಡು ಕೊಟ್ಟಿಲ್ವಾ?" ಅಂತಾರೆ. ಕೊಟ್ಟೀರಿ ಮಾವಾರ, ಮದುಮಗನ್ನ ನೆಟ್ಟಗೆ ಮಂಟಪಕ್ಕೆ ಮುಟ್ಸೋಕೇ ಅಲ್ವಾ ಕೊಟ್ಟಿದ್ದು ಅಂತೀನಿ, ಆಮೇಲೆ ಯಾರೂ ಜಾಸ್ತಿ ಮಾತಾಡಲ್ಲ.