ಕಾರವಾರಕ್ಕೆ ಹೋಗುವ ದಿನ ಏನು ಉಡಬೇಕು?

ಗೋಕರ್ಣದ ಒಂದು ವಸತಿಗೃಹದಲ್ಲಿ ವಿದೇಶಿ ಅತಿಥಿಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ನಾವೆಲ್ಲ ಈಗಲೂ ಸಿ ಫಾರ್ಮ್ ಎಂದೇ ಕರೆಯುವ ಆ ಕೆಲಸಕ್ಕೆ ಅತಿಥಿ ಏನು ಉಟ್ಟರೂ ನಡೆಯುತ್ತದೆ, ಪಾಸ್‌ಪೋರ್ಟ್ ಕೊಟ್ಟರೆ ಸಾಕು. ತಲೆನೋವು ಇರುವುದು ಬಂದು ಉಳಿದವರದು. ಇಲ್ಲಿಯವರನ್ನು ಮದುವೆಯಾದವರು, ಸಂಗೀತವನ್ನೋ ಸಂಸ್ಕೃತವನ್ನೋ ಕಲಿಯಲು ವಿದ್ಯಾರ್ಥಿ ವೀಸಾದಲ್ಲಿ ಬಂದವರು, ಬಾಡಿಗೆ ಮನೆ ಹಿಡಿದು ಅಂಗಳದಲ್ಲಿ ಬಸಳೆ ಚಪ್ಪರ ಹಾಕಿಕೊಂಡವರು. ವಿದ್ಯಾರ್ಥಿ ವೀಸಾದಂಥದ್ದು 180 ದಿನಕ್ಕಿಂತ ಹೆಚ್ಚಿನದಾದರೆ ದೇಶಕ್ಕೆ ಬಂದ 14 ದಿನದೊಳಗೆ ನೋಂದಣಿ ಆಗಬೇಕು. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಾಧಿಕಾರಿ ಎಂದರೆ ಎಸ್‌ಪಿಯವರು, ನಮ್ಮ ಜಿಲ್ಲೆಗೆ ಅವರ ಕಚೇರಿ ಇರುವುದು ಕಾರವಾರದಲ್ಲಿ. 2018ರಿಂದ ವಿದೇಶಿಯರ ನೋಂದಣಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಎಫ್‌ಆರ್‌ಆರ್‌ಒ ಬಂದು ಬಹುಪಾಲು ಕೆಲಸ ಮೊಬೈಲಿನಲ್ಲೇ ಮುಗಿಯುತ್ತದೆ ನಿಜ. ಆದರೂ ಕರೆದಾಗ ಹೋಗಲೇಬೇಕು. ನೋಟರಿ, ಉಪನೋಂದಣಿ ಕಚೇರಿ, ಆರ್‌ಟಿಒ, ಬ್ಯಾಂಕು, ಆಧಾರ್ ಕೇಂದ್ರ ಇವೆಲ್ಲ ಬೇರೆಯೇ ಇವೆ.

ಕಡತ ಜೋಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ನನಗೆ ಈ ಕೆಲಸದಲ್ಲಿ ನಿಧಾನವಾಗಿ ತಿಳಿದದ್ದು ಬಟ್ಟೆಯ ಸಂಗತಿ. ಇಂಥದ್ದೇ ಉಡಬೇಕು ಎಂಬ ಫಲಕ ನಾನು ಓಡಾಡುವ ಯಾವ ಕಚೇರಿಯಲ್ಲೂ ಕಂಡಿಲ್ಲ. ಹಾಗಾಗಿ ಅತಿಥಿಗಳು ಏನೂ ನಿಯಮವಿಲ್ಲ ಎಂದುಕೊಳ್ಳುತ್ತಾರೆ. ನಮ್ಮವರು ಕೇಳಿದರೆ, ಸ್ವಲ್ಪ ಮೈ ಮುಚ್ಚುವಂಥದ್ದು ಹಾಕಿಕೊಳ್ಳಿ ಎಂದು ನಾಚಿಕೊಂಡು ಹೇಳಿ ಮುಗಿಸುತ್ತಾರೆ. ಎರಡೂ ಅರ್ಧಂಬರ್ಧ. ಕಾರವಾರದ ಗುಮಾಸ್ತರು ಮೊಣಕಾಲು ಕಂಡು ಹೌಹಾರುವವರೇನಲ್ಲ, ಕಡಲ ತೀರದಲ್ಲೇ ಹುಟ್ಟಿ ಬೆಳೆದವರು. ವಿದೇಶಿಯೊಬ್ಬ ಎದುರು ನಿಂತಾಗ ಅವರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಈ ಮನುಷ್ಯ ಇಲ್ಲಿ ವಾಸ ಮಾಡುತ್ತಾನೋ, ತಿರುಗಾಡಲು ಬಂದವನೋ? ಅರ್ಜಿ ವಾಸಕ್ಕೆ ಎನ್ನುತ್ತದೆ. ಮೈಮೇಲಿನ ಬಟ್ಟೆ ಗೋಕರ್ಣದ ಕುಡ್ಲೆ ತೀರದಿಂದ ನೇರವಾಗಿ ಎದ್ದು ಬಂದಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ.

ಒಬ್ಬ ತಬಲಾ ವಿದ್ಯಾರ್ಥಿಯ ಕಥೆ ಹೇಳುತ್ತೇನೆ. ಯಾವ ಕಚೇರಿ ಎಂಬುದು ಬೇಡ. ಪಾಸ್‌ಪೋರ್ಟ್, ವೀಸಾ ಪ್ರತಿ, ಬಾಡಿಗೆ ಕರಾರು, ಕಲಿಕೆಯ ದೃಢೀಕರಣ ಪತ್ರ ಎಲ್ಲವೂ ಸರಿಯಾಗಿತ್ತು. ಆತ ಬಂದದ್ದು ತೋಳಿಲ್ಲದ ಬನಿಯನ್ನು, ಉಪ್ಪುನೀರಿಗೆ ಬಣ್ಣ ಬಿಟ್ಟ ಚಡ್ಡಿಯಲ್ಲಿ. ಕಾಲಿನ ಕೂದಲಲ್ಲಿ ಒಣಗಿದ ಮರಳು ಇನ್ನೂ ಅಂಟಿತ್ತು. ಪ್ರಯಾಣಕ್ಕೆ ಮುಂಚೆ ಹೇಳಿದ್ದೆ, ಸೆಕೆ ಎಂದು ಕೇಳಲಿಲ್ಲ. ವಿಷಯ ನಿರ್ವಾಹಕರು ದೃಢೀಕರಣ ಪತ್ರ ಓದಿದರು, ಆತನನ್ನು ನೋಡಿದರು, ಮತ್ತೆ ಪತ್ರ ಓದಿದರು. ಪಾಠ ಎಷ್ಟು ಹೊತ್ತಿಗೆ? ವಾರಕ್ಕೆ ಎಷ್ಟು ದಿನ? ಗುರುಗಳ ಮನೆ ಎಲ್ಲಿ? ಹೋಗುವುದು ಹೇಗೆ? ಕೊನೆಗೆ, ಪತ್ರದ ಮೇಲೆ ಗುರುಗಳ ಸಹಿಯ ಕೆಳಗೆ ಮೊಹರು ಸ್ಪಷ್ಟವಿಲ್ಲ, ಹೊಸದು ತನ್ನಿ ಎಂದು ಕಡತ ಹಿಂದಕ್ಕೆ ತಳ್ಳಿದರು. ಮೊಹರು ಚೆನ್ನಾಗಿಯೇ ಇತ್ತು. ಮುಂದಿನ ವಾರ ಅದೇ ಆತ ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು ತೊಟ್ಟು, ಅದೇ ಹಳೆಯ ಪತ್ರವನ್ನೇ ಹಿಡಿದು ಹೋದ. ಈ ಸಲ ಮೊಹರಿನ ಮಾತೇ ಬರಲಿಲ್ಲ. ಪಾಠ ಹೇಗೆ ನಡೆದಿದೆ ಎಂದು ಮಾತ್ರ ವಿಚಾರಿಸಿದರು.

ಇದು ನ್ಯಾಯವೇ ಎಂದರೆ, ಅಲ್ಲ. ಕಾಗದ ಸರಿಯಿದ್ದರೆ ಬಟ್ಟೆ ನೋಡಿ ವಾಪಸು ಕಳಿಸುವ ಅಧಿಕಾರ ಯಾರಿಗೂ ಇಲ್ಲ. ಅದನ್ನು ಆ ಗುಮಾಸ್ತರ ಎದುರು ವಾದಿಸಿ ಗೆಲ್ಲಲೂಬಹುದು. ಆದರೆ ಗೋಕರ್ಣದಿಂದ ಕಾರವಾರಕ್ಕೆ ಸುಮಾರು 60 ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನ ಅಲ್ಲಿಗೇ ಆಯಿತು. ಜಗಳ ಗೆದ್ದ ದಿನಕ್ಕಿಂತ ಕೆಲಸ ಆದ ದಿನವೇ ನನ್ನ ಸಂಬಳಕ್ಕೆ ಒಳ್ಳೆಯದು.

ಅತಿಥಿಗಳ ಗೊಂದಲವೂ ಸುಳ್ಳಲ್ಲ. ಮಹಾಬಲೇಶ್ವರನ ಗುಡಿಗೆ ಹೋಗುವ ಗಂಡಸರು ಅಂಗಿ ತೆಗೆದು ಒಳಗೆ ಹೋಗುವುದನ್ನು ಅವರು ದಿನಾ ನೋಡುತ್ತಾರೆ. ಊರಿನ ಅತ್ಯಂತ ದೊಡ್ಡ ಜಾಗದಲ್ಲಿ ಬರಿಮೈಯೇ ಮರ್ಯಾದೆ, ಸಣ್ಣ ಕಚೇರಿಯಲ್ಲಿ ಅದೇ ಅವಮಾನ ಹೇಗೆ ಎಂದು ಒಬ್ಬರು ಕೇಳಿದರು. ದೇವರ ಮುಂದೆ ಎಲ್ಲ ಬಿಚ್ಚಿಡಬೇಕು, ಸರಕಾರದ ಮುಂದೆ ಎಲ್ಲ ಮುಚ್ಚಿಡಬೇಕು ಎಂದು ನಮ್ಮ ಅಡುಗೆಯ ಭಟ್ಟರು ಉತ್ತರ ಕೊಟ್ಟುಬಿಟ್ಟರು. ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿ ಇರಲಿಲ್ಲ.

ಇನ್ನೊಬ್ಬರ ಪ್ರಶ್ನೆ ಇದಕ್ಕಿಂತ ಮೊನಚಾಗಿತ್ತು. ಅಂಕೋಲೆಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ರವಿಕೆಯಿಲ್ಲದೆ ಉಡುವ ಹಾಲಕ್ಕಿ ಸಮುದಾಯದ ಉಡುಗೆ, ಕೊರಳ ತುಂಬ ಮಣಿಸರ, ಬರಿಗಾಲು. ದೇಶದ ಅತಿ ದೊಡ್ಡ ಸರಕಾರಿ ಮನೆಯಲ್ಲೇ ಇದು ನಡೆದ ಮೇಲೆ ನನ್ನ ಬರಿ ಭುಜಕ್ಕೇನು ಅಡ್ಡಿ ಎಂಬುದು ಅವರ ವಾದ. ನಾನು ಹೇಳಿದೆ: ಅದು ತುಳಸಿ ಗೌಡರು ಮನೆಯಲ್ಲಿ, ಕಾಡಿನಲ್ಲಿ, ಮದುವೆಯಲ್ಲಿ, ದೆಹಲಿಯಲ್ಲಿ ಒಂದೇ ಸಮನೆ ಉಟ್ಟದ್ದು. ನೀವು ನಿಮ್ಮ ಊರಿನಲ್ಲಿ ತೆರಿಗೆ ಕಚೇರಿಗೆ ಹೋಗುವಾಗ ಇದನ್ನೇ ಹಾಕಿಕೊಂಡು ಹೋಗುತ್ತೀರಾ? ಆಕೆ ನಕ್ಕುಬಿಟ್ಟರು. ಅಂದಿನಿಂದ ನಾನು ಯಾರಿಗೂ ಭಾರತೀಯ ಉಡುಪು ಹಾಕಿ ಎನ್ನುವುದಿಲ್ಲ. ನಿಮ್ಮ ಊರಿನ ಕಚೇರಿಗೆ ಏನು ಹಾಕುತ್ತೀರೋ ಅದರಲ್ಲಿ ಹತ್ತಿಯದ್ದನ್ನು ಆರಿಸಿ ಎನ್ನುತ್ತೇನೆ. ಕೋಟು, ಟೈ ಬೇಡ. ಮೇ ತಿಂಗಳ ಕಾರವಾರದಲ್ಲಿ ಕೋಟು ತೊಟ್ಟವನ ಸಹಿಯೂ ಬೆವರಿಗೆ ಒದ್ದೆಯಾಗುತ್ತದೆ.

ಸ್ಥಳೀಯರಂತೆ ಕಾಣುವ ಆಸೆಯೂ ಕೆಲವೊಮ್ಮೆ ಕೆಡುಕು ಮಾಡುತ್ತದೆ. ಚೌಕಳಿ ಲುಂಗಿ ಉಟ್ಟು ಬರುವವರಿದ್ದಾರೆ. ಲುಂಗಿ ನಮ್ಮ ಮನೆಯ, ಪೇಟೆಯ, ದೋಣಿಯ ಉಡುಗೆ. ನಮ್ಮೂರಿನ ಮೀನುಗಾರನೂ ತಹಶೀಲ್ದಾರರನ್ನು ಕಾಣಲು ಹೋಗುವಾಗ ಬಿಳಿ ಪಂಚೆಗೋ ಪ್ಯಾಂಟಿಗೋ ಬದಲಾಯಿಸುತ್ತಾನೆ, ಲುಂಗಿಯಲ್ಲೇ ಹೋದರೂ ಒಳಗೆ ಕಾಲಿಡುವ ಮುಂಚೆ ಎತ್ತಿ ಕಟ್ಟಿದ್ದನ್ನು ಇಳಿಸುತ್ತಾನೆ. ಈ ಇಳಿಸುವ ವಿದ್ಯೆ ಹೊರಗಿನವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ರಥಬೀದಿಯ ಅಂಗಡಿಗಳಲ್ಲಿ ಸಿಗುವ, ದೇವರ ನಾಮ ಅಚ್ಚೊತ್ತಿದ ಕೇಸರಿ ಬಟ್ಟೆಯದು ಇನ್ನೂ ಸೂಕ್ಷ್ಮ. ಹೆಗಲಿಗೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಅದನ್ನೇ ಸೊಂಟಕ್ಕೆ ಸುತ್ತಿ ಬೆಂಚಿನ ಮೇಲೆ ಕುಳಿತರೆ, ಶ್ರೀರಾಮನ ಮೇಲೆ ಕುಳಿತಂತಾಯಿತಲ್ಲ ಮಾರಾಯರೇ ಎಂದು ಪಕ್ಕದಲ್ಲಿ ಕುಳಿತ ಅಜ್ಜ ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ನಾನು ಖಡಾಖಂಡಿತವಾಗಿ ತಡೆಯುವುದು ಒಂದನ್ನು: ಸೈನಿಕರ ಸಮವಸ್ತ್ರದಂಥ ಹಸಿರು ಮಚ್ಚೆಯ ಪ್ಯಾಂಟು. ಜೇಬು ಜಾಸ್ತಿ, ಬೇಗ ಕೊಳೆಯಾಗುವುದಿಲ್ಲ, ಅದಕ್ಕೇ ತಿರುಗಾಟದವರಿಗೆ ಪ್ರೀತಿ. ಆದರೆ ಕಾರವಾರದ ಮಗ್ಗುಲಲ್ಲಿ ಕದಂಬ ನೌಕಾನೆಲೆ ಇದೆ, ಅದೇ ತಾಲ್ಲೂಕಿನಲ್ಲಿ ಕೈಗಾ ಅಣುಸ್ಥಾವರ ಇದೆ. ವಿದೇಶಿಯರ ವಿಷಯದಲ್ಲಿ ಇಲ್ಲಿನ ಪೊಲೀಸರು ಬೇರೆ ಕಡೆಗಿಂತ ಒಂದು ಕಣ್ಣು ಹೆಚ್ಚು ತೆರೆದಿದ್ದರೆ ತಪ್ಪಿಲ್ಲ. ಆ ಪ್ಯಾಂಟು ತೊಟ್ಟು ಎಸ್‌ಪಿ ಕಚೇರಿಯ ಗೇಟಿನಲ್ಲಿ ಹೆಸರು ಬರೆಸುವುದೆಂದರೆ ಬೇಡದ ಸಂಭಾಷಣೆಯನ್ನು ತಾನಾಗಿ ಕರೆದಂತೆ. ದುರ್ಬೀನು, ಡ್ರೋನು ಚೀಲದಲ್ಲಿದ್ದರೆ ಅದನ್ನೂ ಕೋಣೆಯಲ್ಲೇ ಬಿಡಿಸುತ್ತೇನೆ.

ಅತಿಯಾಗಿ ಸಿಂಗರಿಸಿಕೊಂಡರೂ ಕಷ್ಟವೇ. ಶಿರಸಿ ಕಡೆಯ ಒಬ್ಬರ ಮನೆಗೆ ಸೊಸೆಯಾಗಿ ಬರುವವರು ವಿದೇಶದವರು. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ಸಹಿ ಹಾಕುವ ದಿನ ಬಂತು. ಆಗಲಿರುವ ಅತ್ತೆಯವರು ಬಿಡಲಿಲ್ಲ. ಜರಿಯ ಸೀರೆ, ಮುಡಿ ತುಂಬ ಮಲ್ಲಿಗೆ, ದೊಡ್ಡ ಕುಂಕುಮ, ಕಣ್ಣಿಗೆ ಕಾಡಿಗೆ, ಕನ್ನಡಕವನ್ನೂ ತೆಗೆಸಿದ್ದರು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಪಾಸ್‌ಪೋರ್ಟಿನ ಚಿತ್ರ ನೋಡಿ, ಆಕೆಯನ್ನು ನೋಡಿ, ಅಕ್ಕ, ಇದು ನೀವೇ ಹೌದಾ ಎಂದ. ಕನ್ನಡಕ ಹಾಕಿ, ಹೂವು ಹಿಂದೆ ಸರಿಸಿ, ತಲೆ ಅತ್ತ ಇತ್ತ ತಿರುಗಿಸಿ ತೋರಿಸಬೇಕಾಯಿತು. ಅತ್ತೆಯವರಿಗೆ ಅದು ಸರಿಬರಲಿಲ್ಲ. ಇಷ್ಟು ಚಂದ ಮಾಡಿ ತಂದರೆ ಗುರುತೇ ಸಿಗುವುದಿಲ್ಲ ಎನ್ನುತ್ತಾರಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ಫೋಟೊ ತೆಗೆಯುವ, ಮುಖ ತಾಳೆ ನೋಡುವ ಯಾವ ಕೆಲಸಕ್ಕೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೋಗಬೇಕು. ಮುಂದೆ ಸಾಗರೋತ್ತರ ಭಾರತೀಯ ನಾಗರಿಕರ ಒಸಿಐ ಕಾರ್ಡಿಗೆ ಅರ್ಜಿ ಹಾಕುವಾಗಲೂ ಅಷ್ಟೆ. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ ಅದು ಬರುತ್ತದೆ, ಅದಕ್ಕೆ ಚೌಕಾಕಾರದ ಫೋಟೊ ಬೇಕು, ಹಿನ್ನೆಲೆ ತಿಳಿಬಣ್ಣದ್ದಾಗಿರಬೇಕು, ಬಿಳಿ ಆಗುವುದಿಲ್ಲ. ಬಿಳಿ ಗೋಡೆಯ ಮುಂದೆ ಬಿಳಿ ಕುರ್ತಾ ತೊಟ್ಟು ತೆಗೆಸಿಕೊಂಡು ಬಂದವರನ್ನು ಮತ್ತೆ ಸ್ಟುಡಿಯೋಗೆ ಅಟ್ಟುವುದು ನನ್ನ ಮಾಮೂಲಿ ಕೆಲಸ.

ಮಳೆಗಾಲದಲ್ಲಿ ಇದೆಲ್ಲ ಸಡಿಲ. ಜೂನ್, ಜುಲೈಯಲ್ಲಿ ಕರಾವಳಿಯ ಕಚೇರಿಗಳಲ್ಲಿ ಅಧಿಕಾರಿಯ ಪ್ಯಾಂಟೂ ಮೊಣಕಾಲಿನವರೆಗೆ ಒದ್ದೆಯಾಗಿರುತ್ತದೆ, ರಬ್ಬರ್ ಚಪ್ಪಲಿಯಲ್ಲಿ ಬಂದರೆ ಯಾರೂ ಕೇಳುವುದಿಲ್ಲ. ಆಗ ಒಣಗಿರಬೇಕಾದದ್ದು ಕಡತ ಮಾತ್ರ. ದಪ್ಪ ಪ್ಲಾಸ್ಟಿಕ್ ಕವರು ಎರಡು ಪದರ. ಸಾಹೇಬರ ಕೋಣೆಯ ಹೊರಗೆ ಚಪ್ಪಲಿಗಳು ಸಾಲಾಗಿದ್ದರೆ ನೀವೂ ಬಿಡಿ, ಇಲ್ಲದಿದ್ದರೆ ಬೇಡ. ಟೋಪಿ, ತಂಪು ಕನ್ನಡಕ ಬಾಗಿಲಲ್ಲೇ ತೆಗೆಯಿರಿ.

ಬಾಡಿಗೆಗೆ ಮನೆ ಕೊಟ್ಟವರಿಗೂ ಒಂದು ಮಾತಿದೆ. ವಿಳಾಸ ಪರಿಶೀಲನೆಗೆ ಠಾಣೆಯಿಂದ ಪೇದೆ ಮನೆಗೆ ಬರುವುದುಂಟು, ಆಗ ಆ ಜಗಲಿಯೇ ಕಚೇರಿ. ಸಮುದ್ರದಿಂದ ಬಂದು ಈಜುಡುಗೆಯಲ್ಲೇ ಬಾಗಿಲು ತೆರೆದ ಬಾಡಿಗೆದಾರರನ್ನು ಕಂಡು, ಮದುವೆಯಾಗದ ಹೊಸ ಪೇದೆಯೊಬ್ಬ ಗೋಡೆಯ ಕ್ಯಾಲೆಂಡರು ನೋಡುತ್ತಲೇ ಎಲ್ಲ ಪ್ರಶ್ನೆ ಕೇಳಿ ಮುಗಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮನೆಯೊಳಗೆ ಏನು ಉಡಬೇಕೆಂಬುದು ಅವರವರ ಇಷ್ಟ, ಅದರಲ್ಲಿ ಪೊಲೀಸರಿಗೂ ಕೆಲಸವಿಲ್ಲ, ಮಾಲೀಕರಿಗೂ ಕೆಲಸವಿಲ್ಲ. ಪೇದೆ ಹೊರಡುವ ಮುಂಚೆ ಸಾಮಾನ್ಯವಾಗಿ ಮನೆ ಮಾಲೀಕರಿಗೆ ಫೋನು ಮಾಡಿ ದಾರಿ ಕೇಳುತ್ತಾನೆ. ಆ ಫೋನು ಇಟ್ಟ ಕೂಡಲೇ ನೀವು ಬಾಡಿಗೆದಾರರಿಗೆ ಒಂದು ಫೋನು ಮಾಡಿ, ಇಂಥವರು ಬರುತ್ತಿದ್ದಾರೆ, ಪಾಸ್‌ಪೋರ್ಟ್ ಮತ್ತು ಕರಾರಿನ ಮೂಲಪ್ರತಿ ತೆಗೆದಿಡಿ, ಒಂದು ಅಂಗಿ ಹಾಕಿಕೊಳ್ಳಿ ಎಂದು ಹೇಳಿಬಿಡಿ.