ಬರೀ ನೀಲಿ ಕಂಡ ದಿನ

ಬಳ್ಳಾರಿಯ ಮೇ ತಿಂಗಳು. ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಕೊರಿಯರ್‌ನವರು ಕೊಟ್ಟ ಥರ್ಮಾಕೋಲ್ ಪೆಟ್ಟಿಗೆ ತೆರೆದರೆ ಒಳಗಿನ ಜೆಲ್ ಪ್ಯಾಕ್ ಪೂರ್ತಿ ಕರಗಿತ್ತು. ನಡುವೆ ಕಿರುಬೆರಳಿಗಿಂತ ಸಣ್ಣ ಬಾಟಲಿ. ತಳದಲ್ಲಿ 100 ಮೈಕ್ರೊಲೀಟರ್, ಅಂದರೆ ಎರಡು ಹನಿಯಷ್ಟು ದ್ರವ.

ಲ್ಯಾಬಿನ ಅಟೆಂಡರ್ ಅಣ್ಣ ಇಣುಕಿ ನೋಡಿದರು. "ಇಷ್ಟ ಸಣ್ಣದಕ್ಕ ಇಷ್ಟ ದೊಡ್ಡ ಪೆಟ್ಟಿಗಿ ಯಾಕವ್ವ?"

ಆ ಎರಡು ಹನಿಗೆ ನಾನು ಎರಡು ತಿಂಗಳು ಕಾದಿದ್ದೆ. ಅದು ಪಿ53 ಪ್ರೋಟೀನನ್ನು ಹುಡುಕುವ ಆಂಟಿಬಾಡಿ, ಡಿಒ-7 ಅನ್ನುವ ಕ್ಲೋನ್. ಲೇಬಲ್ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಬರೆದಿತ್ತು. ಪಿ53 ಪತ್ತೆಯಾದದ್ದು 1979ರಲ್ಲಿ. ಸುಮಾರು ಹತ್ತು ವರ್ಷ ಅದನ್ನು ಕ್ಯಾನ್ಸರ್ ಬೆಳೆಸುವ ಪ್ರೋಟೀನ್ ಅಂತಲೇ ತಿಳಿದಿದ್ದರು. ಅದು ಕ್ಯಾನ್ಸರ್ ತಡೆಯುವ ಕಾವಲುಗಾರ ಅಂತ ಗೊತ್ತಾಗುವಷ್ಟರಲ್ಲಿ 1989 ಬಂದಿತ್ತು. ಸರಿ ಇರುವ ಪಿ53 ಜೀವಕೋಶದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಕೆಟ್ಟ ಪಿ53 ಹೆಚ್ಚಾಗಿ ಕೋಶದ ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಗುಡ್ಡೆ ಬೀಳುತ್ತದೆ. ಆಂಟಿಬಾಡಿ ಹೋಗಿ ಅದಕ್ಕೆ ಅಂಟಿದರೆ, ಕೊನೆಯಲ್ಲಿ ಹಾಕುವ ಬಣ್ಣ ಅಲ್ಲಿ ಕಂದಾಗುತ್ತದೆ. ಉಳಿದದ್ದೆಲ್ಲ ನೀಲಿ.

ನನ್ನ ಕೆಲಸ ಬಾಯಿ ಕ್ಯಾನ್ಸರಿನ ಹಳೆಯ ಬ್ಲಾಕ್‌ಗಳ ಮೇಲೆ. ಮೇಣದಲ್ಲಿ ಕೂತ ತುಣುಕುಗಳು. ಹೆಸರಿಲ್ಲ, ನಂಬರ್ ಮಾತ್ರ. ಕೆಲವು ಜೋಳದ ಕಾಳಿನಷ್ಟೇ ಇರುತ್ತವೆ. ಯಾರದೋ ಕೆನ್ನೆಯಿಂದ ತೆಗೆದದ್ದು. 4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದ ಪ್ರತಿ ಪೊರೆಗೂ ಆ ಕಾಳು ಸವೆಯುತ್ತದೆ. ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಒಂದು ಸ್ಲೈಡ್ ಹಾಳಾದರೂ ನನಗೆ ಹೊಟ್ಟೆ ಉರಿಯುತ್ತದೆ.

ಮರುದಿನ ನಾಲ್ಕು ಸ್ಲೈಡ್ ಹಾಕಿದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವಾಗ ಎರಡು ಸಲ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಒತ್ತಿದೆ. ಆಂಟಿಬಾಡಿ ಹಾಕಿ, ಒದ್ದೆ ಟಿಶ್ಯೂ ಹಾಸಿದ ಟಿಫಿನ್ ಡಬ್ಬಿಯಲ್ಲಿ ಸ್ಲೈಡ್ ಇಟ್ಟೆ. ನಮ್ಮ ಸೆಕೆಗೆ ಹನಿ ಬೇಗ ಆರಿಹೋಗುತ್ತದೆ, ಆರಿದ ಅಂಚಿನಲ್ಲಿ ಸುಳ್ಳು ಬಣ್ಣ ಕೂರುತ್ತದೆ. ಸಂಜೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನಾಲ್ಕೂ ಬರೀ ನೀಲಿ.

ಪೆಟ್ಟಿಗೆ ಬಿಸಿಯಾಗಿ ಬಂದದ್ದೇ ಕಾರಣ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಮಾರಿದವರಿಗೆ ದೂರು ಬರೆಯಲು ಕೂತೆ.

ಮೇಡಂ ಬಂದು ಸ್ಲೈಡ್ ನೋಡಿದರು. "ಕಂಟ್ರೋಲ್ ಎಲ್ಲಿ?" ಅಂದರು.

ನಾನು ಹಾಕಿರಲಿಲ್ಲ. ಆ ಎರಡು ಹನಿ ಉಳಿಸಬೇಕು ಅಂತ, ಪಿ53 ಇದೆ ಅಂತ ಮೊದಲೇ ಗೊತ್ತಿರುವ ಸ್ಲೈಡನ್ನು ಬಿಟ್ಟಿದ್ದೆ.

"ಹೋಗ್ಲಿ, ಗಡ್ಡೆಯ ಪಕ್ಕದ ಕೋಶ ನೋಡಿದ್ಯಾ? ಒಳ್ಳೆ ಕೋಶಗಳಲ್ಲೂ ಅಲ್ಲಲ್ಲಿ ತೆಳ್ಳಗೆ ಕಂದು ಇರಬೇಕಲ್ವಾ? ಅಲ್ಲೂ ಇಲ್ಲ ಅಂದ್ರೆ ನಿನ್ನ ಸ್ಲೈಡ್ ಏನೂ ಹೇಳಿಲ್ಲ ಅಂತ ಅರ್ಥ."

ಅಲ್ಲೂ ಇರಲಿಲ್ಲ.

ಆಂಟಿಬಾಡಿ ದಾರಿಯಲ್ಲಿ ಒಂದೆರಡು ದಿನ ಬಿಸಿಯಾದರೆ ಸುಮ್ನೆ ಸಾಯುವುದಿಲ್ಲ ಅಂತಲೂ ಹೇಳಿದರು. ಅನುಮಾನ ಮೈಕ್ರೋವೇವ್ ಕಡೆಗೆ ತಿರುಗಿತು. ಫಾರ್ಮಲಿನ್‌ನಲ್ಲಿ ತುಣುಕು ಕೆಡದಿರಲಿ ಅಂತ ನೆನೆಸಿದಾಗ ಪ್ರೋಟೀನುಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಸಿಟ್ರೇಟ್ ದ್ರಾವಣದಲ್ಲಿ ಚೆನ್ನಾಗಿ ಕುದಿಸಿದರೆ ಮಾತ್ರ ಆಂಟಿಬಾಡಿಗೆ ಬೇಕಾದ ಜಾಗ ತೆರೆಯುತ್ತದೆ. ನಾನು ಅರೆಬರೆ ಬಿಸಿ ಮಾಡಿದ್ದೆ ಅಷ್ಟೇ.

ಮಾರನೇ ದಿನ ಬೆಂಗಳೂರು ರೋಡಿನಲ್ಲಿ ಒಂದು ಸ್ಟೀಲ್ ಕುಕ್ಕರ್ ಕೊಂಡೆ. ಅಂಗಡಿಯವರು "ಎಷ್ಟು ಮಂದಿಗೆ ಬೇಕ್ರಿ?" ಅಂದಾಗ "ಐದು" ಅಂದುಬಿಟ್ಟೆ. ನಾಲ್ಕು ಸ್ಲೈಡ್, ಒಂದು ಕಂಟ್ರೋಲ್. ಅಣ್ಣ ಗ್ಯಾಸ್ ಒಲೆ ಹೊಂದಿಸಿ, ಗಡಿಯಾರ ಹಿಡಿದು ನನ್ನ ಪಕ್ಕದಲ್ಲೇ ನಿಂತರು. ಕರೆಂಟಿನ ಹಂಗಿರಲಿಲ್ಲ. ಅದೇ ಬಾಟಲಿಯ ಆಂಟಿಬಾಡಿ, ನೂರು ಪಟ್ಟು ತೆಳು ಮಾಡಿದ್ದು.

ಬಣ್ಣ ಹಾಕಿ ಒಂದೆರಡು ನಿಮಿಷ ಆಗಿತ್ತು. ಕಂಟ್ರೋಲ್ ಸ್ಲೈಡಿನ ಮೇಲೆ ಬರಿಗಣ್ಣಿಗೇ ಚಹಾದ ಕಲೆಯಂಥ ಕಂದು ಏಳತೊಡಗಿತು. "ಬಂತವ್ವ, ಬಂತು!" ಅಂದರು ಅಣ್ಣ.

ಮೂರು ಬ್ಲಾಕುಗಳ ಸ್ಲೈಡಿನಲ್ಲಿ ಗಡ್ಡೆಯ ನ್ಯೂಕ್ಲಿಯಸ್‌ಗಳು ಗಾಢ ಕಂದಾಗಿದ್ದವು. ನಾಲ್ಕನೆಯದರಲ್ಲಿ ಗಡ್ಡೆ ಮತ್ತೆ ಬರೀ ನೀಲಿ. ಈ ಸಲ ನಾನು ಅಳಲಿಲ್ಲ. ಸ್ಲೈಡನ್ನು ಒಂದಿಷ್ಟು ಸರಿಸಿ ಪಕ್ಕ ನೋಡಿದೆ. ಗಡ್ಡೆಯ ಸುತ್ತಲಿನ ಒಳ್ಳೆ ಕೋಶಗಳಲ್ಲಿ ಅಲ್ಲೊಂದು ಇಲ್ಲೊಂದು ತಿಳಿಗಂದು ಚುಕ್ಕೆ. ಆಂಟಿಬಾಡಿ ತನ್ನ ಕೆಲಸ ಮಾಡಿತ್ತು. ಆ ಗಡ್ಡೆಯಲ್ಲಿ ಮಾತ್ರ ಅದಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ. ಕೆಲವು ಸಲ ಜೀನ್ ಎಷ್ಟು ಕೆಟ್ಟಿರುತ್ತದೆ ಅಂದರೆ ಪಿ53 ತಯಾರಾಗುವುದೇ ಇಲ್ಲ.

ಮೇಡಂ ತುಂಬಾ ಹೊತ್ತು ನೋಡಿ, "ಬರ್ಕೋ" ಅಂದರು. ರಿಜಿಸ್ಟರಿನಲ್ಲಿ ಮೊನ್ನೆಯ ಸಾಲು ಹೊಡೆದುಹಾಕಿ, ಅದರ ಕೆಳಗೆ ಆ ಬ್ಲಾಕಿನ ನಂಬರ್ ಬರೆದೆ. ಮುಂದೆ: ಗಡ್ಡೆಯಲ್ಲಿ ಇಲ್ಲ, ಪಕ್ಕದ ಕೋಶಗಳಲ್ಲಿ ಇದೆ, ಕಂಟ್ರೋಲ್ ಸರಿ.