ಕೇಳಿಸಿಕೊಳ್ಳಲು ಕಲಿಸಿದ ಮೇಷ್ಟ್ರು

ಮನಃಶಾಸ್ತ್ರ ಎಂ.ಎ. ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳಲ್ಲಿ ಏನಿತ್ತೆಂದು ಈಗ ಕೇಳಿದರೆ ಹೇಳಲಾರೆ. ಆದರೆ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗಿನಿಂದ ಅವರ ಅಭ್ಯಾಸ ತರಗತಿಗಳು ಬಿಡದೆ ನೆನಪಾಗುತ್ತಿವೆ. ಮೂವರ ಗುಂಪು: ಒಬ್ಬರು ಆಪ್ತಸಮಾಲೋಚಕರು, ಒಬ್ಬರು ನೆರವು ಕೇಳಿ ಬಂದವರು, ಇನ್ನೊಬ್ಬರು ವೀಕ್ಷಕರು. ಎದುರಿನವರು ಎರಡು ಮಾತಾಡುವಷ್ಟರಲ್ಲಿ ನಾವು ಬುದ್ಧಿ ಹೇಳಲು ಹೊರಡುತ್ತಿದ್ದೆವು. ಮೇಷ್ಟ್ರು ಮೇಜು ತಟ್ಟಿ, “ಅವರು ಇನ್ನೂ ಹೇಳಿ ಮುಗಿಸಿಲ್ಲ” ಎನ್ನುತ್ತಿದ್ದರು.

ಒಮ್ಮೆ ಅವರನ್ನೇ ಪರೀಕ್ಷಿಸಲು ನಾನೂ ನನ್ನ ಗೆಳತಿಯೂ ಸಂಚು ಹೂಡಿದೆವು. ಇಲ್ಲದ ಅಣ್ಣನೊಬ್ಬ ಮಾತು ಬಿಟ್ಟ ಕಥೆ ಕಟ್ಟಿದೆವು. ಅವಳು ಸೊಗಸಾಗಿ ನಟಿಸಿದಳು. ಮೇಷ್ಟ್ರು ತಾಳ್ಮೆಯಿಂದ ಕೇಳಿ, ಅವಳು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿ, “ಸರಿಯಾಗಿ ಗ್ರಹಿಸಿದೆನೇ?” ಎಂದರು. ಸ್ವಲ್ಪ ಹೊತ್ತಿನಲ್ಲೇ ಅಣ್ಣ ಹಿಂದೆ ಸರಿದು, ಮಾತು ಅವಳ ತಂದೆಯತ್ತ ತಿರುಗಿತು. ನಾವು ಕಟ್ಟಿದ ಕಥೆಯಲ್ಲಿ ತಂದೆ ಇರಲೇ ಇಲ್ಲ! ಮೇಷ್ಟ್ರು ಥಟ್ಟನೆ ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ನಡೆದ ಮಾತನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. (ಗೆಳತಿಯ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ.) ಗೋಪ್ಯತೆಯೆಂದರೇನೆಂದು ನನಗೆ ತಿಳಿದದ್ದು ಅಂದು.

ಮನೋಚಿಕಿತ್ಸೆಯಲ್ಲಿ ವ್ಯಕ್ತಿ ಬದಲಾಗಲು ಬೇಕಾದ ಆರು ಷರತ್ತುಗಳನ್ನು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಅವುಗಳಲ್ಲಿ ಮೂರು ಹೀಗಿವೆ: ಚಿಕಿತ್ಸಕರು ಒಳಗೊಂದು ಹೊರಗೊಂದು ಆಗಿರಬಾರದು. ಬಂದವರನ್ನು ಯಾವ ಕರಾರೂ ಇಲ್ಲದೆ ಆದರಿಸಬೇಕು. ಅವರ ಪಾಡನ್ನು ತಮ್ಮದೇ ಎಂಬಷ್ಟು ಹತ್ತಿರದಿಂದ, ಆದರೆ ತಾವು ಕೊಚ್ಚಿಹೋಗದೆ, ಅರಿಯಬೇಕು. ಇದನ್ನೆಲ್ಲ ಓದುವ ಮೊದಲೇ ಆ ಕೋಣೆಯಲ್ಲಿ ಕಂಡಿದ್ದೆ. ಮುಂದೆ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯನ್ನೂ ಕಲಿತೆ. ಮನಸ್ಸಿಗೆ ತಾನಾಗಿ ಬರುವ ಕಹಿ ಯೋಚನೆಗಳನ್ನು ಬರೆದಿಟ್ಟು, ಅವುಗಳಿಗೆ ಆಧಾರವಿದೆಯೇ ಎಂದು ಜೊತೆಯಾಗಿ ಪರಿಶೀಲಿಸುವ ಆ ವಿಧಾನ ಖಿನ್ನತೆ, ಆತಂಕಗಳಲ್ಲಿ ತುಂಬ ಉಪಯುಕ್ತ. ಆದರೂ ಮೊದಲ ಭೇಟಿಗಳಲ್ಲಿ ನಾನು ಹೆಚ್ಚಾಗಿ ಕೇಳಿಸಿಕೊಳ್ಳುತ್ತೇನೆ. “ಎಲ್ಲೂ ಹೇಳದ್ದನ್ನು ನಿಮ್ಮೆದುರು ಹೇಳಿದೆ” ಎಂದು ಬಂದವರು ಅಂದಾಗ ನನಗೆ ಹೆಮ್ಮೆಯೇ ಆಗುತ್ತದೆ.

ಈಗ ನನ್ನ ಬಳಿ ತರಬೇತಿಗೆ ಬರುವವರು ಜಾಣರು. ಪ್ರಶ್ನಾವಳಿಯ ಅಂಕಗಳನ್ನು ಕ್ಷಣದಲ್ಲಿ ಲೆಕ್ಕಹಾಕುತ್ತಾರೆ. ಎದುರಿನವರು ಮೌನವಾದರೆ ಮಾತ್ರ ಕಂಗಾಲಾಗುತ್ತಾರೆ. ಅವರನ್ನು ದೂರಲಾರೆ. ಸ್ಲೈಡುಗಳಿಗೆ ಸಿಕ್ಕಷ್ಟು ವೇಳೆ ಅಭ್ಯಾಸಕ್ಕೆ ಅವರಿಗೆ ಸಿಕ್ಕಿಲ್ಲ. ನಮ್ಮ ಕಾಲೇಜಿನಲ್ಲಾದರೂ ಮೂವರ ಗುಂಪಿನ ಆ ತರಗತಿ ಮತ್ತೆ ಶುರುವಾಗಲಿ. ನಡೆಸಿಕೊಡಲು ಕರೆದರೆ ಖಂಡಿತ ಬರುತ್ತೇನೆ.